ಕಿಟಕಿಯಿಂದ ಕಾಣುವ ಬೋರ್ಡು

ಗಂಡ ತೀರಿಕೊಂಡು ಎಂಟು ತಿಂಗಳಾಗುವಷ್ಟರಲ್ಲಿ ಹೆಂಗಸಿನ ಮನಸ್ಸು ಬೇರೆ ಕಡೆ ಹೊರಳಿತು ಎಂದರೆ ಜನ ಏನೇನೋ ತಿಳಿದುಕೊಳ್ಳುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಹೊರಳಿದ್ದು ಒಂದು ಬೋರ್ಡಿನ ಕಡೆಗೆ. ಹೋಟೆಲಿನ ಮುಂದೆ ಏನೇನು ತಿಂಡಿ ಇದೆ ಎಂದು ಬರೆಸಿ ಹಾಕುತ್ತಾರಲ್ಲ, ಅಂಥ ಬೋರ್ಡು. ಬೆಳಿಗ್ಗೆ ಎದ್ದರೆ ಅದರದೇ ಯೋಚನೆ, ಹಿಟ್ಟು ಕಲಸುವಾಗಲೂ ಅದರದೇ ಯೋಚನೆ. ದುಃಖದಲ್ಲಿರುವವರಿಗೆ ಊಟ ಸೇರುವುದಿಲ್ಲ ಎನ್ನುತ್ತಾರೆ. ನಾನೂ ಒಂದು ದಿನ ಊಟ ಮಾಡುವುದನ್ನು ಮರೆತೆ. ಆದರೆ ಮರೆತದ್ದು ಹಳದಿಯ ಮೇಲೆ ಕಪ್ಪು ಅಕ್ಷರ ಒಳ್ಳೆಯದೋ, ಕೆಂಪಿನ ಮೇಲೆ ಬಿಳಿ ಅಕ್ಷರ ಒಳ್ಳೆಯದೋ ಎಂಬ ಚಿಂತೆಯಲ್ಲಿ. ಮನೆಯ ಮಂದಿ ನಾನು ಗಂಡನನ್ನು ನೆನೆದು ಉಪವಾಸ ಕೂತಿದ್ದೇನೆ ಎಂದುಕೊಂಡರು.

ನಮ್ಮದು ಹಗರಿಬೊಮ್ಮನಹಳ್ಳಿಯಲ್ಲಿ, ಬಸ್ಸುಗಳು ಹತ್ತು ನಿಮಿಷ ನಿಲ್ಲುವ ಜಾಗದ ಎದುರಿಗಿರುವ ಆರು ಬೆಂಚಿನ ಹೋಟೆಲು. ಇಪ್ಪತ್ತೆರಡು ವರ್ಷ ನಾನು ಒಳಗೆ ಒಲೆಯ ಮುಂದೆ, ನಮ್ಮವರು ಹೊರಗೆ ಬಸ್ಸಿನ ಮುಂದೆ. ಅವರಿದ್ದಾಗ ಬೋರ್ಡಿನ ಅಗತ್ಯವೇ ಇರಲಿಲ್ಲ. ಬಸ್ಸು ನಿಂತ ಕೂಡಲೇ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಿಟಕಿಯಿಂದ ಕಿಟಕಿಗೆ ಓಡಿ ಏನೇನೋ ಕೂಗಿ ಹೇಳುತ್ತಿದ್ದರು. ಒಲೆಯ ಸದ್ದಿನಲ್ಲಿ ನನಗೆ ಅದು ಪೂರ್ತಿ ಕೇಳುತ್ತಿರಲಿಲ್ಲ. ಕೂಗು ಎದ್ದ ಸ್ವಲ್ಪ ಹೊತ್ತಿಗೆ ಬೆಂಚುಗಳು ತುಂಬುತ್ತಿದ್ದವು, ಅಷ್ಟು ಗೊತ್ತು. ಅವರು ಹೋದ ಮೇಲೆ ಕೂಗುವವರಿಲ್ಲ. ನಾನಂತೂ ಆ ಕೆಲಸಕ್ಕೆ ಆಗುವವಳಲ್ಲ. ಶಾಲೆಯಲ್ಲಿ ಹಾಜರಿ ಕರೆಯುವಾಗ ನನ್ನ ಧ್ವನಿ ಮಾಸ್ತರಿಗೆ ಕೇಳದೆ, ಮುಂದಿನ ಸಾಲಿನಲ್ಲೇ ಕೂತಿದ್ದ ನಾನು ವಾರಕ್ಕೆ ಮೂರು ದಿನ ಗೈರುಹಾಜರಾಗುತ್ತಿದ್ದೆ. ಹೀಗಾಗಿ ಬಸ್ಸುಗಳು ಬಂದು ನಿಂತವು, ಜನ ಕಿಟಕಿಯಿಂದ ನಮ್ಮ ಹೋಟೆಲನ್ನು ನೋಡಿದರು, ಬಸ್ಸುಗಳು ಹೋದವು.

ಮೈದುನ ಕೊಟ್ರೇಶ ಒಳ್ಳೆಯವನು. ಒಳ್ಳೆಯವರಾದ್ದರಿಂದಲೇ ಇಂಥವರು ನಮ್ಮ ಬಗ್ಗೆ ತಾವೇ ತೀರ್ಮಾನ ಮಾಡಿಬಿಡುತ್ತಾರೆ. "ಅತ್ತಿಗಿ, ಯುಗಾದಿ ತನಕ ನೋಡೋಣು. ಮಂದಿ ಬಂದ್ರ ಬಂತು, ಇಲ್ಲಾಂದ್ರ ಹಡಗಲಿಯವರೊಬ್ರು ಮೊಬೈಲ್ ಅಂಗಡಿಗೆ ಜಾಗ ಹುಡುಕಾಕ ಹತ್ಯಾರ. ಬಾಡಿಗಿಗೆ ಕೊಟ್ಟು ನೀವು ಮನ್ಯಾಗ ಆರಾಮ ಇರ್ರಿ" ಎಂದ. ಆರಾಮ ಎಂಬ ಮಾತಿಗೆ ನಾನು ಹೆದರಿದೆ. ಮನೆಯಲ್ಲಿ ಆರಾಮಾಗಿ ಕೂತು ಏನು ಮಾಡಲಿ? ಗೋಡೆ ನೋಡಲೇ? ಅವತ್ತೇ ಬೋರ್ಡು ಹಾಕಿಸುವುದೆಂದು ತೀರ್ಮಾನಿಸಿದೆ. ನಾನು ಕೂಗಲಾರೆ, ಬೋರ್ಡು ಕೂಗಲಿ.

ಮೊದಲು ಊರೂರು ಸುತ್ತಿ ಬೋರ್ಡು ನೋಡಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಎಲ್ಲ ತಿರುಗಿದೆ. ಕೊಟ್ಟೂರಿನಲ್ಲಿ ಕೆಂಪು ದೀಪದ ಅಕ್ಷರಗಳು ಎಡದಿಂದ ಬಲಕ್ಕೆ ಓಡುವ ಬೋರ್ಡು ಕಂಡೆ. "ಪೂರಿ" ಎಂದು ಓದಿ ನಾಲಿಗೆಯಲ್ಲಿ ನೀರೂರುವಷ್ಟರಲ್ಲಿ ಅದು ಓಡಿಹೋಗಿ "ಸ್ವಚ್ಛತೆ ಕಾಪಾಡಿ" ಬಂತು. ಕೂಡ್ಲಿಗಿಯಲ್ಲಿ ಸೀಮೆಸುಣ್ಣದಿಂದ ಬರೆದ ಕರಿಹಲಗೆ, ಅಕ್ಷರ ಮುದ್ದಾಗಿತ್ತು, ಆದರೆ ಮುನ್ನಾದಿನದ್ದು. ಹರಪನಹಳ್ಳಿಯಲ್ಲಿ ಬಾಗಿಲಿಗಿಂತ ದೊಡ್ಡ ದೋಸೆಯ ಚಿತ್ರ ಹಾಕಿದ್ದರು. ಒಳಗೆ ಕೂತು ದೋಸೆ ಹೇಳಿದೆ. ಬಂದ ದೋಸೆಯನ್ನು ನೋಡಿ, ಇದು ಆ ದೋಸೆಯ ಮೊಮ್ಮಗು ಇರಬೇಕು ಎಂದುಕೊಂಡೆ. ಪ್ರತಿ ಬೋರ್ಡಿನ ಮುಂದೆಯೂ ನಿಂತು, ಎಷ್ಟು ಹೆಜ್ಜೆ ದೂರದಿಂದ ಓದಲು ಬರುತ್ತದೆ ಎಂದು ಹಿಂದಹಿಂದಕ್ಕೆ ನಡೆಯುತ್ತಿದ್ದೆ. ಹೀಗೆ ನಡೆದು ಹರಪನಹಳ್ಳಿಯಲ್ಲಿ ಒಂದು ಎಮ್ಮೆಗೆ ಬೆನ್ನು ಕೊಟ್ಟು ನಿಂತೆ. ಅದು ಪಾಪ, ನನ್ನಷ್ಟೇ ಸುಮ್ಮನೆ ಇರುವ ಜಾತಿ.

ಆಮೇಲೆ ನಮ್ಮೂರಿನ ಬಾಷಾನ ಫ್ಲೆಕ್ಸ್ ಅಂಗಡಿಗೆ ಹೋದೆ. ಬಾಷಾ ಎಲ್ಲ ಕೇಳಿಸಿಕೊಂಡು, "ಅಕ್ಕಾ, ನಡುವ ಯಜಮಾನ್ರ ಫೋಟೋ ಹಾಕೋಣು. ಮಂದಿಗೆ ಗುರ್ತು ಹತ್ತತೈತಿ" ಎಂದ. ಕೊಟ್ರೇಶನೂ ಇದ್ದ. "ಹೌದ್ರಿ ಅತ್ತಿಗಿ, ಅಣ್ಣ ಬೇಕ ಬೇಕು" ಎಂದು ಕಣ್ಣೊರೆಸಿಕೊಂಡ. ಫೋಟೋ ತರುತ್ತೇನೆ ಎಂದು ನಾನು ಎದ್ದರೆ ಬಾಷಾ, "ಬ್ಯಾಡ್ರಿ, ನನ್ನತ್ರನ ಐತಿ" ಎಂದು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದ. ಹೌದು, ಇರಲೇಬೇಕು. ಎಂಟು ತಿಂಗಳ ಹಿಂದೆ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿದವನೂ ಅವನೇ.

ಎರಡು ದಿನಕ್ಕೆ ಬಾಷಾ ಮಾದರಿ ಹಿಡಿದು ಹೋಟೆಲಿಗೆ ಬಂದ. ನಡುವೆ ದುಂಡನೆಯ ಚೌಕಟ್ಟಿನಲ್ಲಿ ನಮ್ಮವರು. ತಲೆಯ ಹಿಂದೆ ಬೆಳಕು. ಶ್ರದ್ಧಾಂಜಲಿಯಲ್ಲಿ ಸುತ್ತ ಹೂವಿನ ಹಾರ ಇದ್ದ ಜಾಗದಲ್ಲಿ ಮಿರ್ಚಿ ಬಜ್ಜಿಗಳ ಹಾರ. ಎರಡೂ ಬದಿಗೆ ದೀಪದ ಕಂಬ ಇದ್ದಲ್ಲಿ ಇಡ್ಲಿ ಪೇರಿಸಿಟ್ಟಿದ್ದ. ಕೆಳಗೆ ಹದಿನಾರು ತಿಂಡಿಗಳ ಪಟ್ಟಿ. ಕೊಟ್ರೇಶ ಗದ್ಗದಿತನಾಗಿ, "ಅಣ್ಣ ನಗಾಕ ಹತ್ಯಾನ ನೋಡ್ರಿ" ಎಂದ. ನನ್ನ ಜೊತೆ ಹೋಟೆಲಿನಲ್ಲಿ ಕೆಲಸ ಮಾಡುವ ಹುಲಿಗೆಮ್ಮ ಈರುಳ್ಳಿ ಹೆಚ್ಚುವ ಕತ್ತಿ ಹಿಡಿದುಕೊಂಡೇ ಬಂದು ನೋಡಿದಳು. "ಯಕ್ಕಾ, ಇದನ್ನ ಹೊರಗ ಹಾಕಿದ್ರ ಬಸ್ಸಿನ ಮಂದಿ ಅಲ್ಲಿಂದನ ಕೈ ಮುಗುದು ಹೋಗ್ತಾರ. ಒಳಗ ಯಾವನೂ ಬರಂಗಿಲ್ಲ. ಇಲ್ಲಿ ಮಿರ್ಚಿ ತಿಂದ ಸತ್ತಾನ ಅಂತ ತಿಳಕೊಂತಾರ!"

ಕೊಟ್ರೇಶನ ಮುಖ ಕಪ್ಪಾಯಿತು. ನನಗೆ ಮಾತ್ರ ನಗು ಬಂತು. ಬಂದ ನಗು ನಿಲ್ಲಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಹಿತ್ತಿಲಿಗೆ ಓಡಿ, ನೀರಿನ ಡ್ರಮ್ಮಿಗೆ ಒರಗಿಕೊಂಡು ನಕ್ಕೆ. ಎಂಟು ತಿಂಗಳಲ್ಲಿ ಅದೇ ಮೊದಲು. ನಗು ಮುಗಿದ ಮೇಲೆ ಅಳುವೂ ಬಂತು ಎನ್ನಿ. ಅದು ಬರುವುದು ಗೊತ್ತಿದ್ದುದರಿಂದ ಅಲ್ಲೇ ಇದ್ದು ಮುಗಿಸಿಕೊಂಡೇ ಬಂದೆ. ಬಂದು, "ಬಾಷಾ, ಅವರನ್ನ ತೆಗೀರಿ" ಎಂದೆ. ಹೇಳಿದ್ದು ಮೆಲ್ಲಗೆ. ಆದರೂ ಎಲ್ಲರಿಗೂ ಕೇಳಿಸಿತು.

ಈಗ ಉಳಿದದ್ದು ಹದಿನಾರು ತಿಂಡಿಗಳು. ಅವರ ಜಾಗವೆಲ್ಲ ಖಾಲಿಯಾದ್ದರಿಂದ ಬಾಷಾ ಅಲ್ಲಿ ಗೋಬಿ ಮಂಚೂರಿಯ ಚಿತ್ರ ಹಾಕಿದ. ನಾವು ಗೋಬಿ ಮಂಚೂರಿ ಮಾಡುವುದಿಲ್ಲ ಎಂದರೆ, "ಇರ್ಲಿ ಅಕ್ಕಾ, ಕಲರ್ ಬರ್ತೈತಿ" ಎಂದ. ಆ ಮಾದರಿಯನ್ನು ಹೋಟೆಲಿನ ಮುಂದೆ ಕಟ್ಟಿಸಿ, ಪ್ರಯಾಣಿಕರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಪರೀಕ್ಷಿಸಲು ನಾನೇ ಹೋಗಿ ತಂಬ್ರಹಳ್ಳಿ ಕಡೆ ಹೋಗುವ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೋಟೆಲನ್ನು ನಾನು ಹೊರಗಿನಿಂದ, ಕೂತು, ನೋಡಿದ್ದು ಅದೇ ಮೊದಲು. ಎಷ್ಟು ಚಿಕ್ಕದು! ಒಳಗೆ ಇದ್ದಾಗ ಅದೇ ಲೋಕ ಎನಿಸುತ್ತಿತ್ತು. ಬೋರ್ಡಿನಲ್ಲಿ ಸ್ಪಷ್ಟವಾಗಿ ಕಂಡದ್ದು ಗೋಬಿ ಮಂಚೂರಿ ಒಂದೇ.

ಪಕ್ಕದಲ್ಲಿ ಕಂಬಳಿ ಮಡಚಿ ತೊಡೆಯ ಮೇಲೆ ಇಟ್ಟುಕೊಂಡ ಮುದುಕಿ ಕೂತಿದ್ದಳು. ಕುರಿ ಕಾಯುವ ಮನೆತನದವಳು, ಸಂತೆ ಮುಗಿಸಿ ಊರಿಗೆ ಹೊರಟವಳು. "ಏನು ನೋಡಾಕ ಹತ್ತಿಯವ್ವ ಹಂಗ, ಕಣ್ಣು ಕಿರಿದು ಮಾಡಿ?" ಎಂದಳು.

"ಆ ಹೋಟ್ಲಿನ ಬೋರ್ಡು. ನಿಮಗ ಓದಾಕ ಬರ್ತೈತೇನ್ರಿ ಅಮ್ಮಾ?"

"ಓದಿ ಏನ್ ಮಾಡ್ಲಿ? ಬೋರ್ಡಿನಾಗ ಇದ್ದದ್ದು ಯಾವ ಹೋಟ್ಲಿನಾಗೂ ಒಳಗ ಇರಂಗಿಲ್ಲ. ಸೊಂಟ ಹಿಡಕೊಂಡು ಇಳದು ಹೋಗಿ ಕೇಳಿದ್ರ ಮುಗದೈತಿ ಅಂತಾರ, ಇಲ್ಲಂದ್ರ ಕೂಡ್ರಿ ಈಗ ಮಾಡಿ ಕೊಡ್ತೀವಿ ಅಂತಾರ. ಅಷ್ಟರಾಗ ಬಸ್ಸು ಹೋಗ್ತೈತಿ. ಮೊದ್ಲು ಇಲ್ಲೊಬ್ಬ ಟಾವೆಲಿನವ ಬರ್ತಿದ್ದ. ಅಮ್ಮಾ ಮಿರ್ಚಿ ಈಗ ತೆಗದೇವಿ, ಬಾ. ಇಡ್ಲಿ ಮುಗದಾವ, ಇಡ್ಲಿ ಆಸಿಗೆ ಇಳೀಬ್ಯಾಡ ಅಂತಿದ್ದ. ಇಲ್ಲದ್ದನ್ನ ಇಲ್ಲ ಅಂತ ಹೇಳವ ಅವನೊಬ್ಬನ. ಈಗ ಕಾಣವಲ್ಲ. ಎಲ್ಲಿಗೆ ಹೋಗ್ಯಾನೋ ಏನೋ."

"ಹೋಗ್ಯಾರ್ರಿ" ಎಂದೆ. ಇಪ್ಪತ್ತೆರಡು ವರ್ಷ ಅವರು ಹೊರಗೆ ಏನು ಕೂಗುತ್ತಿದ್ದರು ಎಂಬುದು ನನಗೆ ಗೊತ್ತಾದದ್ದು ಹಾಗೆ, ಗುರುತಿಲ್ಲದ ಮುದುಕಿಯ ಬಾಯಿಂದ. ಅದನ್ನೇ ಯೋಚಿಸುತ್ತ ಕೂತವಳಿಗೆ ಬಸ್ಸು ಹೊರಟದ್ದು ತಿಳಿದದ್ದು ಕಂಡಕ್ಟರ್ ಬಂದು ಎದುರಿಗೆ ನಿಂತಾಗ.

"ಎಲ್ಲಿಗ್ರಿ ಅಕ್ಕಾರ?"

"ಎಲ್ಲಿಗೂ ಇಲ್ರಿ. ನಾನು ಬೋರ್ಡು ನೋಡಾಕ ಹತ್ತಿದ್ದು."

"ಬೋರ್ಡು ಮುಂದ ಇರ್ತೈತ್ರಿ, ಹತ್ತಾಕಿಂತ ಮೊದ್ಲ ನೋಡಬೇಕು. ಆಧಾರ್ ಕಾರ್ಡು ತೋರಿಸ್ರಿ."

ಆಧಾರ್ ಕಾರ್ಡು ಅವತ್ತು ಹೋಟೆಲಿನಲ್ಲಿತ್ತು. ಮೊಬೈಲೂ ಅಲ್ಲೇ. ನನ್ನ ಕೈಯಲ್ಲಿದ್ದದ್ದು ಬಾಷಾನ ಅಳತೆ ಟೇಪು ಒಂದೇ. ಮುದುಕಿಯೇ, "ಪಾಪ, ಏನೋ ಚಿಂತಿಯಾಗ ಅದಾಳ" ಎಂದು ನನ್ನ ಟಿಕೇಟು ತೆಗೆಸಿ, ತಂಬ್ರಹಳ್ಳಿಯಲ್ಲಿ ಇಳಿಸಿ, ತಿರುಗಿ ಹೋಗುವ ಬಸ್ಸಿನ ಕಂಡಕ್ಟರಿಗೂ ಹೇಳಿ ಹತ್ತಿಸಿದಳು. ವಾಪಸು ಬರುವಾಗ ನನ್ನ ತಲೆಯಲ್ಲಿ ಬೋರ್ಡು ತಾನಾಗಿಯೇ ತಯಾರಾಗುತ್ತಿತ್ತು. ಒಂದು ಬೋರ್ಡಲ್ಲ, ಎಂಟು! ಆ ಹದಿನಾರರಲ್ಲಿ ನಾವು ದಿನಾ ಮಾಡುವುದು ಎಂಟೇ. ಒಂದೊಂದು ತಿಂಡಿಗೆ ಒಂದೊಂದು ತಗಡಿನ ಹಲಗೆ, ಮೇಲೆ ಒಂದೇ ಹೆಸರು, ಮೊಳದುದ್ದದ ಅಕ್ಷರ. ಗೋಡೆಗೆ ಸಾಲಾಗಿ ಕೊಕ್ಕೆ. ತಿಂಡಿ ಬಿಸಿಯಾಗಿ ತಟ್ಟೆಗೆ ಬರುವಂತಿದ್ದರೆ ಮಾತ್ರ ಹಲಗೆ ಕೊಕ್ಕೆಯಲ್ಲಿ. ಮುಗಿದರೆ ಆ ಕ್ಷಣವೇ ಕೆಳಗೆ. ಖುಷಿ ತಡೆಯಲಾರದೆ ಪಕ್ಕದಲ್ಲಿದ್ದ ಗುರುತಿಲ್ಲದ ಗಂಡಸಿಗೆ, "ಕೊಕ್ಕಿ ಹಾಕಿದ್ರ ಆತು ನೋಡ್ರಿ!" ಎಂದುಬಿಟ್ಟೆ. ಅವನು ಎದ್ದು ಹಿಂದಿನ ಸೀಟಿಗೆ ಹೋದ.

ಹೋಟೆಲಿನ ಮುಂದೆ ಕೊಟ್ರೇಶ ನಾಲ್ಕು ಜನರನ್ನು ಸೇರಿಸಿ ನನ್ನನ್ನು ಹುಡುಕಲು ಕಳಿಸುತ್ತಿದ್ದ. ಹುಲಿಗೆಮ್ಮ, "ಎಲ್ಲಿ ಹೋಗಿದ್ದಿಯಕ್ಕಾ? ಎದಿ ಒಡಕೊಂಡೇವಿ!" ಎಂದು ಬೈದಳು. ನಾನು ಬೋರ್ಡಿನ ವಿಷಯ ಹೇಳತೊಡಗಿದೆ. ನನಗೆ ಏನೋ ಗಾಳಿ ಬಡಿದಿದೆ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡರು.

ಬಾಷಾ ಮಾತ್ರ ಹಲಗೆ ಮಾಡಿಕೊಟ್ಟ. ಹಳದಿಯ ಮೇಲೆ ಕಪ್ಪು. ಗೋಬಿ ಮಂಚೂರಿ ಇಲ್ಲ ಎಂದು ಅವನಿಗೆ ಸ್ವಲ್ಪ ಬೇಸರವಿತ್ತು. ಮೊದಲ ವಾರ ಪ್ರಯಾಣಿಕರು ಹಲಗೆ ನೋಡಿದರು, ಅಷ್ಟೆ. ಎರಡನೇ ವಾರ ಒಬ್ಬ, "ಲೇ, ಮಂಡಕ್ಕಿ ಒಗ್ಗರಣಿ ಬೋರ್ಡು ತೆಗದ್ಲು, ಮುಗದೈತಿ ಕಾಣ್ತೈತಿ. ಮಿರ್ಚಿ ಐತಿ, ನಡಿ ನಡಿ, ಅದೂ ತೆಗದಾಳು!" ಎಂದು ಗೆಳೆಯನನ್ನು ಎಳೆದುಕೊಂಡು ಇಳಿದ. ಅವನ ಹಿಂದೆ ಮತ್ತೆ ಏಳು ಜನ. ಹಲಗೆ ತೆಗೆದರೆ ಉಳಿದದ್ದಕ್ಕೆ ಜನ ಓಡಿ ಬರುತ್ತಾರೆ ಎಂಬುದು ನಾನು ಕಂಡುಹಿಡಿದದ್ದಲ್ಲ, ನನ್ನ ಕಣ್ಣೆದುರಿಗೇ ಆದದ್ದು. ಆಮೇಲಾಮೇಲೆ ಬೆಂಚು ಸಾಲದೆ ನಿಂತು ತಿನ್ನತೊಡಗಿದರು.

ಯುಗಾದಿಗೆ ನಾಲ್ಕು ದಿನ ಇರುವಾಗ ಕೊಟ್ರೇಶ ಆ ಹಡಗಲಿಯ ಮೊಬೈಲ್ ಅಂಗಡಿಯವರನ್ನು ಕರೆದುಕೊಂಡು ಬಂದ. ಮೊದಲೇ ಮಾತು ಕೊಟ್ಟಿದ್ದನಂತೆ, ಬೇಡ ಎನ್ನಲು ಸಂಕೋಚವಂತೆ. ಆಗ ತಾನೇ ಬಸ್ಸು ನಿಂತಿತ್ತು. ಅವರಿಗೆ ಜಾಗ ನೋಡಲು ಒಳಗೆ ಕಾಲಿಡುವುದಕ್ಕೇ ಜಾಗವಿರಲಿಲ್ಲ. ಹೊರಗೇ ನಿಂತು ಒಂದು ಪ್ಲೇಟು ಒಗ್ಗರಣೆ ತಿಂದು, ಕೈ ತೊಳೆದು, "ತಮ್ಮಾ, ಇದನ್ನ ಬಿಡಸಿ ಮೊಬೈಲ್ ಮಾರಿದ್ರ ಆ ಬಸ್ಸಿನ ಮಂದಿ ನನ್ನ ಹೊಡದಾರು" ಎಂದು ಕೊಟ್ರೇಶನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾರ, ಬೋರ್ಡು ಭಾಳ ಚಲೋ ಮಾಡ್ಸೀರಿ. ಇದು ಹೆಂಗ ಹೊಳೀತು ನಿಮಗ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ನಾನು ಹೊರಗೆ ಬಂದೆ. ಸೆರಗು ಸಿಕ್ಕಿಸಿಕೊಂಡು ಹೇಳತೊಡಗಿದೆ. ಬಸ್ಸಿನ ಮೂರನೇ ಕಿಟಕಿಯಿಂದ ಅಕ್ಷರ ಎಷ್ಟು ದೊಡ್ಡದಿರಬೇಕು, ಬಿಸಿಲು ಬಿದ್ದಾಗ ಯಾವ ಬಣ್ಣ ಕಣ್ಣು ಚುಚ್ಚುತ್ತದೆ, ದೀಪದ ಅಕ್ಷರ ಯಾಕೆ ಓಡಬಾರದು, ದೋಸೆಯ ಚಿತ್ರ ದೋಸೆಗಿಂತ ಯಾಕೆ ದೊಡ್ಡದಿರಬಾರದು, ಎಲ್ಲ. ಗಟ್ಟಿಯಾಗಿಯೇ ಹೇಳಿದೆನಂತೆ. ಬಸ್ಸಿನ ಕಿಟಕಿಯಲ್ಲಿದ್ದವರೂ ಬಗ್ಗಿ ಕೇಳುತ್ತಿದ್ದರಂತೆ. ಕೊಟ್ರೇಶ ಬಾಯಿ ತೆರೆದು ನಿಂತಿದ್ದ. ನಾನು ಹರಪನಹಳ್ಳಿಯ ಎಮ್ಮೆಯವರೆಗೆ ಬಂದಿದ್ದಾಗ ಹುಲಿಗೆಮ್ಮ ಒಳಗಿನಿಂದ ಕಿರುಚಿದಳು.

"ಯಕ್ಕಾ, ಬಾಣಲಿ! ಸೀದು ಇದ್ದಲಿ ಆಗ್ಯಾವ!"

ಓಡಿ ಹೋಗಿ ನೋಡಿದರೆ ಎರಡು ಡಜನ್ ಮಿರ್ಚಿ ಹೊಗೆಯಾಡುತ್ತ ತೇಲುತ್ತಿದ್ದವು. ಹೊರಗೆ ಅದೇ ಮಿರ್ಚಿಯ ಹಲಗೆ ನಂಬಿ ಹದಿನೈದು ಜನ ಇಳಿದು ಬರುತ್ತಿದ್ದರು. ಬೋರ್ಡಿನಲ್ಲಿ ಇದ್ದದ್ದು ಒಳಗೆ ಇರಲೇಬೇಕು ಎಂದು ಅಷ್ಟು ಹೊತ್ತು ಉಪದೇಶ ಮಾಡಿದವಳು, ಅವರೆಲ್ಲರ ಎದುರಿಗೇ ಬಂದು, ಯಾರ ಮುಖವನ್ನೂ ನೋಡದೆ, ಆ ಹಲಗೆಯನ್ನು ಕೊಕ್ಕೆಯಿಂದ ಮೆಲ್ಲಗೆ ತೆಗೆದೆ.