ಪಟ್ಟಿಯಲ್ಲಿಲ್ಲದ ಗುಮಾಸ್ತರು

ಪ್ರತಿವರ್ಷ ನಿವೃತ್ತರಾಗಬೇಕಾದವರ ಪಟ್ಟಿಯನ್ನು ಸಿದ್ಧಪಡಿಸುವುದು ಆ ನೂಲಿನ ಗಿರಣಿಯ ಸಿಬ್ಬಂದಿ ಗುಮಾಸ್ತರ ಹೊಣೆ. ಮೂವತ್ತು ವರ್ಷಗಳಲ್ಲಿ ಅವರು ಕೈಬಿಟ್ಟದ್ದು ಒಂದೇ ಒಂದು ಹೆಸರು. ಅದು ಅವರದೇ. ಮೇಲಿನವರು ಯಾರೂ ಗಮನಿಸಲಿಲ್ಲ, ಅಕ್ಕಪಕ್ಕದ ಮೇಜಿನವರು ಬಾಯಿಬಿಡಲಿಲ್ಲ. ಅರವತ್ತಕ್ಕೆ ಮನೆ ಸೇರಬೇಕಾಗಿದ್ದವರು ಅರವತ್ತೆರಡರಲ್ಲೂ ಗೋಡೆಗೆ ಹೊಡೆದ ಮೊಳೆಯಂತೆ ಕುರ್ಚಿಯಲ್ಲೇ ಕುಳಿತಿದ್ದರು.

ಆ ಬೆಳಿಗ್ಗೆ ಟೈಪಿಸ್ಟ್ ಅಕ್ಕ ಏದುಸಿರು ಬಿಡುತ್ತ ಓಡಿಬಂದಳು.

“ರಾಯರೇ, ಕೆಟ್ಟಿರಿ! ಯೂನಿವರ್ಸಿಟಿಯಿಂದ ಯಾರೋ ಹುಡುಗಿ ಬಂದಿದ್ದಾಳೆ. ವಯಸ್ಸಾದ ನೌಕರರು, ನಿವೃತ್ತಿ, ಇದರ ಮೇಲೇ ಸಂಶೋಧನೆಯಂತೆ. ಮ್ಯಾನೇಜರ್ ರೂಮಲ್ಲಿ ಒಬ್ಬೊಬ್ಬರನ್ನೇ ಕರೆದು ವಯಸ್ಸು ಕೇಳ್ತಿದ್ದಾಳೆ!”

ಗುಮಾಸ್ತರು ಊಟದ ಡಬ್ಬಿ ಎತ್ತಿಕೊಂಡು ಎದ್ದರು. “ನಂಗೆ ಹೊಟ್ಟೆನೋವು ಅಂತ ಹೇಳಿಬಿಡಮ್ಮ.”

“ಹಾಗಂದ್ರೆ ವಯಸ್ಸಾಯ್ತು ಅಂತ ಅವಳೇ ಬರ್ಕೋತಾಳೆ,” ಎಂದ ಪಕ್ಕದ ಮೇಜಿನ ಉಗ್ರಾಣದವನು. “ಸುಮ್ನೆ ಐವತ್ತು ಅಂದ್ಬಿಡಿ. ತಲೆ ವಿಷಯ ನಂಗೆ ಬಿಡಿ.”

ಎರಡೇ ನಿಮಿಷದಲ್ಲಿ ಗುಮಾಸ್ತರ ಬೆಳ್ಳಗಿನ ಕೂದಲಿಗೆ ಬೂಟ್ ಪಾಲಿಷ್ ಮೆತ್ತಿತ್ತು. ಅಕ್ಕ ಅವರ ಕನ್ನಡಕ ಕಿತ್ತುಕೊಂಡು, “ಎದೆ ಎತ್ತಿ ನಡೀರಿ!” ಎಂದು ಒಳಗೆ ದೂಡಿದಳು.

ಕಣ್ಣೆಲ್ಲ ಮಂಜುಮಂಜಾಗಿದ್ದ ಗುಮಾಸ್ತರು ಕೋಟಿನ ಸ್ಟ್ಯಾಂಡಿಗೆ “ನಮಸ್ಕಾರ ಸರ್” ಎಂದು, ಕಸದ ಬುಟ್ಟಿಯ ಮೇಲೆ ಠೀವಿಯಿಂದ ಕುಳಿತರು. ಕಳೆದ ತಿಂಗಳಷ್ಟೇ ವರ್ಗವಾಗಿ ಬಂದಿದ್ದ ಮ್ಯಾನೇಜರ್ ಹುಬ್ಬೇರಿಸಿದ.

“ವಯಸ್ಸು?” ಕೇಳಿದಳು ಸಂಶೋಧಕಿ.

“ಐವತ್ತು. ಅದೂ ಮೊನ್ನೆ ಮೊನ್ನೆ ತುಂಬಿದ್ದು.”

ಕಪ್ಪು ಬೆವರು ಕಿವಿಯ ಪಕ್ಕದಿಂದ ಕಾಲರಿನತ್ತ ಹೊರಟಿತು. ಸಂಶೋಧಕಿ ನಿಟ್ಟುಸಿರಿಟ್ಟು ಹಾಳೆ ಮಡಚಿದಳು.

“ಛೆ! ನಿವೃತ್ತಿ ಅಂಚಿನಲ್ಲಿರೋರು ಒಬ್ಬರಾದ್ರೂ ಸಿಗ್ತಾರೆ ಅಂದ್ಕೊಂಡಿದ್ದೆ. ಅಂಥವರನ್ನ ಇನ್ನೂ ಮೂರು ವರ್ಷ ಕೆಲಸದಲ್ಲೇ ಇಟ್ಕೊಂಡು ನೋಡೋಣ ಅಂತ ನಿಮ್ಮ ಸರ್ ಒಪ್ಪಿದ್ರು.”

ಗುಮಾಸ್ತರು ಬುಟ್ಟಿಯ ಸಮೇತ ಎದ್ದು ನಿಂತರು.

“ಐವತ್ತಲ್ಲ ತಾಯಿ, ಅರವತ್ತೆರಡು! ಬೇಕಾದ್ರೆ ತಲೆ ತೊಳೆದು ತೋರಿಸ್ತೀನಿ!”

ಮ್ಯಾನೇಜರನ ಕೈಯಲ್ಲಿದ್ದ ಲೋಟ ಬಾಯಿಗೂ ಮೇಜಿಗೂ ನಡುವೆ ನಿಂತುಹೋಯಿತು.

“ಅರವತ್ತೆರಡಾ? ಹಾಗಾದ್ರೆ ನಿಮ್ಮ ಸರ್ವೀಸು ಮುಗಿದು ಎರಡು ವರ್ಷ ಆಯ್ತಲ್ರೀ! ಈ ಕ್ಷಣವೇ ಮನೆಗೆ ನಡೀರಿ!”

ಗುಮಾಸ್ತರಿಗೆ ಸಿಡಿಲು ಬಡಿದಂತಾಯಿತು. “ಮೇಡಮ್... ಆ ಮೂರು ವರ್ಷ?”

“ಅದು ಕೆಲಸದಲ್ಲಿರೋರಿಗೆ,” ಎಂದಳು ಆಕೆ ಕನಿಕರದಿಂದ. “ನೀವೀಗ ಕೆಲಸದಲ್ಲಿಲ್ಲ.”

ಮರುಕ್ಷಣವೇ ಏನೋ ಹೊಳೆದು, ಚೀಲದಿಂದ ಹಳದಿ ಹಾಳೆಯೊಂದನ್ನು ಉತ್ಸಾಹದಿಂದ ಹೊರತೆಗೆದಳು.

“ಬೇಜಾರು ಮಾಡ್ಕೋಬೇಡಿ, ನಿವೃತ್ತರಿಗೆ ಅಂತಲೇ ಬೇರೆ ಪ್ರಶ್ನೆಗಳಿವೆ. ಮೊದಲನೇದು: ನಿವೃತ್ತಿಗೆ ಮನಸ್ಸನ್ನ ಸಿದ್ಧ ಮಾಡ್ಕೊಳ್ಳೋಕೆ ನಿಮಗೆ ಎಷ್ಟು ಸಮಯ ಸಿಕ್ತು?”

ಗುಮಾಸ್ತರು ಕಿವಿಯ ಪಕ್ಕದ ಕಪ್ಪು ಬೆವರನ್ನು ಒರೆಸಿಕೊಂಡರು.

“ಅರ್ಧ ನಿಮಿಷ ಅಂತ ಬರ್ಕೊಳ್ಳಿ ತಾಯಿ.”