ತಲೆಕೆಳಗಾದ ಸಂತನೂ ವಿಲ್ಬರ್ಟನ ಜೋಲಿಯೂ

ಮೆರಿದಾ ಊರಿನ ಮಧ್ಯಾಹ್ನದ ಬಿಸಿಲಿನಲ್ಲಿ ತಲೆ ನೆಟ್ಟಗಿರುವ ಮನುಷ್ಯ ಮಾಡಬಹುದಾದ ಕೆಲಸ ಒಂದೇ: ಹಿಂಬದಿಯ ಜಗಲಿಯಲ್ಲಿ ನೂಲಿನ ಬಲೆಯ ಜೋಲಿ ಕಟ್ಟಿಕೊಂಡು, ಒಂದು ಕಾಲು ಇಳಿಬಿಟ್ಟು ಮಲಗುವುದು. ಬಣ್ಣದಂಗಡಿಯ ವಿಲ್ಬರ್ಟ್ ಕಾನುಲನಿಗೆ ತಲೆ ನೆಟ್ಟಗಿತ್ತು, ಜಗಲಿಯೂ ಇತ್ತು. ಮದುವೆಯಲ್ಲಿ ಬಂದ ದೊಡ್ಡ ಜೋಲಿಯೂ ಇತ್ತು. ಇಬ್ಬರು ಮಲಗುವಂಥ ಆ ಅಳತೆಯದನ್ನು ಊರಲ್ಲಿ ‘ದಂಪತಿ ಜೋಲಿ’ ಎಂದೇ ಕರೆಯುವುದು. ಇಷ್ಟೆಲ್ಲ ಇದ್ದೂ ಜೋಲಿಯೊಳಗೆ ಮಾತ್ರ ಅವನ ನಾದಿನಿ ಇದ್ದಳು. ಹೆಸರು ಆಡಿ. ಬಾಡಿಗೆ ಮನೆಯ ಸೂರು ಸೋರುತ್ತದೆ, ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಬಂದವಳು. ಸೂರು ರಿಪೇರಿಯಾಯಿತು, ಆ ಮನೆಗೆ ಬೇರೆ ಬಾಡಿಗೆದಾರರೂ ಬಂದರು, ಆಡಿ ಮಾತ್ರ ಅಲ್ಲಾಡಲಿಲ್ಲ. (ಜೋಲಿ ಅಲ್ಲಾಡುತ್ತಿತ್ತು, ಅದು ಬೇರೆ ಮಾತು.)

ಮಲಗಲು ಜಾಗವಿಲ್ಲದ ವಿಲ್ಬರ್ಟ್ ಹೊಸ ಫೋನು ಕೊಂಡ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಇವನೂ ಸೋಮವಾರದ ಹಂದಿಮಾಂಸದ ಬೀನ್ಸ್ ಸಾರಿನಿಂದ ಹಿಡಿದು ಪಕ್ಕದ ಮನೆಯವರ ಒಣಹಾಕಿದ ಲಂಗದವರೆಗೆ ಕಂಡದ್ದನ್ನೆಲ್ಲ ಫೋಟೊ ಹೊಡೆದು, ಸುತ್ತ ಗುಲಾಬಿ ಹೃದಯಗಳನ್ನು ಅಂಟಿಸಿ, ಬಡಾವಣೆಯ ಗ್ರೂಪಿಗೆ ದಯಪಾಲಿಸುತ್ತಿದ್ದ. ಹೆಂಡತಿ ಲಾಂಡಿ ಕರೆದರೆ “ಹ್ಞಾಂ” ಎನ್ನುತ್ತಿದ್ದ, ತಲೆ ಎತ್ತುತ್ತಿರಲಿಲ್ಲ.

ಒಂದು ದಿನ ಅಡುಗೆಮನೆಯ ಗೂಡಿನಲ್ಲಿದ್ದ ಸಂತ ಆಂತೋನಿಯೊ ತಲೆಕೆಳಗಾಗಿ ನಿಂತಿದ್ದನ್ನು ಕಂಡು ವಿಲ್ಬರ್ಟನ ಎದೆ ಅರಳಿತು. ಸಂತನನ್ನು ಯಾಕೆ ಹಾಗೆ ನಿಲ್ಲಿಸುತ್ತಾರೆಂದು ಊರಿನ ಹಸುಗೂಸಿಗೂ ಗೊತ್ತು. ಗಂಡು ಸಿಗುವ ತನಕ ಪಾಪ ಅವನಿಗೆ ಶೀರ್ಷಾಸನವೇ ಗತಿ. ಅಂದರೆ ಆಡಿಗೆ ಮದುವೆಯ ಆಸೆ ಹುಟ್ಟಿದೆ! ಅವಳು ಗಂಡನ ಮನೆಗೆ, ತಾನು ಜೋಲಿಗೆ! ಸಂತ ಒಬ್ಬನೇ ಎಷ್ಟು ಓಡಾಡಿಯಾನು, ಕೈಜೋಡಿಸೋಣ ಎಂದುಕೊಂಡು ವಿಲ್ಬರ್ಟ್ ಫೋಟೊ ಹೊಡೆದು ಗ್ರೂಪಿಗೆ ಹಾಕಿದ: ‘ನಮ್ಮ ಮನೆಯಲ್ಲಿ ಸಂತ ತಲೆಕೆಳಗಾಗಿದ್ದಾನೆ. ಯೋಗ್ಯ ಗಂಡಸರು ಬಂದು ವಿಚಾರಿಸಬಹುದು.’ ನಾದಿನಿಯ ಮರ್ಯಾದೆ ಕಾಯಲು ಹೆಸರು ಬರೆಯಲಿಲ್ಲ.

ಅಲ್ಲೇ ಎಡವಟ್ಟಾದದ್ದು. ಸಂಜೆಯೊಳಗೆ ಮೂಲೆಮನೆಯ ಹಿರಿಯಾಕೆ ದೋನ್ಯಾ ನೆಲ್ಲಿ ಕಣ್ಣೊರೆಸಿಕೊಳ್ಳುತ್ತ, ಸಿಹಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದಳು.

“ಅಯ್ಯೋ ಲಾಂಡಿ, ವಿಲ್ಬರ್ಟ್ ಯಾವಾಗ ಹೋದ್ನೇ? ಒಂದು ಮಾತು ಹೇಳ್ಬಾರ್ದಾ? ಆಗ್ಲೇ ಇನ್ನೊಬ್ಬನ್ನ ಹುಡುಕ್ತಿದ್ದೀಯಂತೆ!”

ಹೋದವನು ಅಲ್ಲೇ ಕೂತು ಬ್ರೆಡ್ಡಿಗೆ ಕೈ ಹಾಕುತ್ತಿದ್ದ. ಲಾಂಡಿ ಫೋನು ಕಿತ್ತುಕೊಂಡು ನೋಡಿದಳು.

“ಸಂತನ್ನ ತಿರುಗಿಸಿದ್ದು ಆಡಿ ಅಲ್ಲ ಮಾರಾಯ, ನಾನು! ಕಳೆದು ಹೋದದ್ದನ್ನ ಹುಡುಕಿಕೊಡೋನೂ ಅವನೇ ಅಲ್ವಾ?”

“ಏನು ಕಳೆದಿತ್ತು?”

“ಗಂಡ. ಫೋನಿನೊಳಗೆ ಬಿದ್ದು ಕಳೆದುಹೋಗಿದ್ದಾನೆ.”

ವಿಲ್ಬರ್ಟನಿಗೆ ನಾಚಿಕೆಯಾಯಿತು. ಆದರೆ ಜೋಲಿಯ ಆಸೆ ನಾಚಿಕೆಗಿಂತ ದೊಡ್ಡದು. ತಪ್ಪು ತಿದ್ದುತ್ತೇನೆಂದು ಫೋನು ಇಸಿದುಕೊಂಡು, ಜೋಲಿಯಲ್ಲಿದ್ದ ಆಡಿಯ ಫೋಟೊ ಹೊಡೆದು, ‘ವಧು ಲಾಂಡಿಯಲ್ಲ, ಇವಳು’ ಎಂದು ಹಾಕಿಯೇಬಿಟ್ಟ. ಸಿಡಿಲು ಬಡಿಯುತ್ತದೆಂದು ಕಾದ. ಆಡಿ ಫೋನನ್ನು ದೂರ ಹಿಡಿದು ನೋಡಿದಳು.

“ಥೂ ಭಾವ, ಗಲ್ಲ ಎರಡು ಕಾಣ್ತಿದೆ! ಇನ್ನೊಂದು ಹೊಡಿ. ಈ ಕಡೆಯಿಂದ.”

ಎರಡನೆಯ ಫೋಟೊ ನೋಡಿ ಬಂದವನು ಬೇಕರಿಯ ಫೆರ್ಮಿನ್ ಉಕ್, ಹೆಂಡತಿ ತೀರಿಹೋದ ಸಾಧು ಮನುಷ್ಯ. ನಗೆಯೂ ಮೈಯೂ ಉಬ್ಬಿದ ಹಿಟ್ಟಿನಂತಿದ್ದವು. ಆಡಿ ಜೋಲಿಯಲ್ಲೇ ಸ್ವಲ್ಪ ಸರಿದು ಜಾಗ ಕೊಟ್ಟಳು. ಮಾತುಕತೆ ಅಲ್ಲಿಗೇ ಮುಗಿಯಿತೆನ್ನಿ. ಮದುವೆಯಲ್ಲಿ ಎಲ್ಲರಿಗಿಂತ ಜೋರಾಗಿ ಕುಣಿದವನು ವಿಲ್ಬರ್ಟ್.

ಮರುದಿನ ಬೆಳಿಗ್ಗೆ ಫೆರ್ಮಿನ್ ಪೆಟ್ಟಿಗೆ ಹೊತ್ತು ಬಾಗಿಲಲ್ಲಿ ನಿಂತಿದ್ದ.

“ಬೇಕರಿ ಹಿಂದೆ ಒಂದೇ ಕೋಣೆ ಇರೋದು ಷಡ್ಡಕರೇ. ಒಲೆ ಪಕ್ಕ ಮಲಗಿ ಮಲಗಿ ನಾನು ಬೆಂದಿದ್ದು ಸಾಕು, ಆಡೀನೂ ಬೇಯಿಸೋಕೆ ಮನಸ್ಸಿಲ್ಲ. ಇಲ್ಲಿ ಎಂಥಾ ಗಾಳಿ!”

“ಅವರಿಗೇ ಇರ್ಲಿ ಬಿಡು ಜೋಲಿ,” ಎಂದಳು ಲಾಂಡಿ. “ಹೆಸರೇ ದಂಪತಿ ಜೋಲಿ.”

“ನಾವೇನು ದಂಪತಿ ಅಲ್ವಾ?”

“ಫೋನು ಬಂದಮೇಲೆ ನನಗೇನೂ ಹಾಗನ್ನಿಸಿಲ್ಲ.”

ಅಳಿಯನನ್ನು ಮನೆಯಲ್ಲಿಟ್ಟುಕೊಳ್ಳುವ ಮಾವಂದಿರನ್ನು ನೋಡಿದ್ದೇವೆ. ಷಡ್ಡಕನನ್ನೇ ಮನೆ ಅಳಿಯನನ್ನಾಗಿ ಪಡೆದ ಭಾಗ್ಯವಂತ ಇವನೊಬ್ಬನೇ. ವಿಲ್ಬರ್ಟನ ಪಾಲಿಗೆ ಕೋಳಿಗೂಡಿನ ಪಕ್ಕ ಒಂದು ಕಿರಿದಾದ ಹಳೇ ಜೋಲಿ ಬಂತು. ಬೇಸರ ಕಳೆಯಲು ಅವನು ಷಡ್ಡಕನಿಗೆ ಫೋಟೊ ಹೊಡೆದು ಹೃದಯ ಅಂಟಿಸುವ ವಿದ್ಯೆಯನ್ನೆಲ್ಲ ಧಾರೆಯೆರೆದ.

ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಅಡುಗೆಮನೆಗೆ ನುಸುಳಿದ. ಗಂಡ ಸಿಕ್ಕದಿದ್ದರೂ ಲಾಂಡಿ ಕನಿಕರದಿಂದ ನೆಟ್ಟಗೆ ನಿಲ್ಲಿಸಿದ್ದ ಸಂತನನ್ನು ಮತ್ತೆ ತಲೆಕೆಳಗು ಮಾಡಿದ. ಪಟ್ಟು ಬಿಗಿಯಾಗಲೆಂದು ಅವನ ತೋಳಲ್ಲಿದ್ದ ಬಾಲಯೇಸುವನ್ನೂ ಮೆಲ್ಲಗೆ ಬಿಡಿಸಿ ಜೇಬಿಗಿಳಿಸಿದ. “ಸ್ವಾಮಿ, ಕಳೆದ ಜೋಲಿ ಕೊಡಿಸು, ಕೂಸನ್ನ ವಾಪಸ್ ಕೊಡ್ತೀನಿ.”

ಹಿಂದೆ ‘ಕ್ಲಿಕ್’ ಎಂದಿತು. ನೀರು ಕುಡಿಯಲು ಬಂದಿದ್ದ ಫೆರ್ಮಿನ್ ಗುರುವಿಗೆ ತಕ್ಕ ಶಿಷ್ಯನಾಗಿದ್ದ. ಅವನು ಎರಡು ಲೋಟ ಕುಡಿದು ಮುಗಿಸುವಷ್ಟರಲ್ಲಿ ಗ್ರೂಪಿನ ತುಂಬ ಒಂದೇ ಪ್ರಶ್ನೆ: ‘ವಿಲ್ಬರ್ಟ್ ಎರಡನೇ ಮದುವೆಗೆ ಹೊರಟಿದ್ದಾನಾ? ಲಾಂಡಿಗೆ ಗೊತ್ತಾ?’

ಲಾಂಡಿಗೆ ಗೊತ್ತಾಗಿತ್ತು. ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಯಾರು ಅವಳು?”

“ಯಾರೂ ಇಲ್ಲ ಕಣೇ! ಕಳೆದದ್ದು ಕೊಡಿಸು ಅಂತ ಕೇಳ್ತಿದ್ದೆ.”

“ಏನು ಕಳೆದಿತ್ತು?”

“...ಜೋಲಿ.”

ಲಾಂಡಿ ಸೌಟು ಕೆಳಗಿಟ್ಟಳು. ವಿಲ್ಬರ್ಟನಿಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

“ನಾನು ಗಂಡನ್ನ ಕೇಳಿದೆ. ನೀನು ಜೋಲಿ ಕೇಳಿದೆ. ಸರಿ.”

ಸಂತನನ್ನು ನೆಟ್ಟಗೆ ನಿಲ್ಲಿಸಿದಳು. ವಿಲ್ಬರ್ಟನ ಜೇಬಿಗೆ ಕೈ ಹಾಕಿ ಕೂಸನ್ನು ಬಿಟ್ಟು ಫೋನನ್ನು ತೆಗೆದಳು. ಅದನ್ನು ಸಂತನ ಖಾಲಿ ತೋಳಿನಲ್ಲಿ ಮಲಗಿಸಿದಳು.

“ನನ್ನ ಗಂಡ ಸಿಕ್ಕಿದ ದಿನ ಇದು ಇಳಿಯುತ್ತೆ. ಮುಟ್ಟಿದ್ರೆ ನೋಡು.”

ಫೆರ್ಮಿನ್ ಅದನ್ನೂ ಫೋಟೊ ಹೊಡೆದು, ಸುತ್ತ ಗುಲಾಬಿ ಹೃದಯ ಅಂಟಿಸಿ ಹಾಕಿದ. ವಿಲ್ಬರ್ಟನ ಯಾವ ಫೋಟೊಗೂ ಅಷ್ಟು ಲೈಕು ಬಂದಿರಲಿಲ್ಲ. ಅದೂ ಅವನಿಗೆ ಷಡ್ಡಕ ಜೋಲಿಯಲ್ಲಿ ಮಲಗಿಕೊಂಡು ಓದಿ ಹೇಳಿದ ಮೇಲೆಯೇ ತಿಳಿದದ್ದು.