ನೂರ ನಲವತ್ತರ ಹಿರಿಯ, ನಲವತ್ತಕ್ಕೆ

ಅನುಭವ ಹೆಚ್ಚಾದಷ್ಟೂ ಮನುಷ್ಯನ ಬೆಲೆ ಹೆಚ್ಚುತ್ತದೆ ಎಂದು ಹೇಳಿದ ಪುಣ್ಯಾತ್ಮರನ್ನು ಯಾರೂ ಹರಾಜಿಗೆ ನಿಲ್ಲಿಸಿರಲಿಕ್ಕಿಲ್ಲ. ನನ್ನನ್ನು ನಿಲ್ಲಿಸಿದ್ದಾರೆ. ಕತಾರ್‌ನಲ್ಲಿ ನಾವು ಕೆಲವು ಕನ್ನಡಿಗರು ವರ್ಷಕ್ಕೊಮ್ಮೆ ಬಾಸ್ಕೆಟ್‌ಬಾಲ್ ಪಂದ್ಯ ನಡೆಸುತ್ತೇವೆ. ಆಟಕ್ಕಿಂತ ಆಟಗಾರರ ಹರಾಜೇ ಜೋರು. ತಂಡಕ್ಕೆ ಸಾವಿರ ಪಾಯಿಂಟಿನ ಮಿತಿ, ಅಷ್ಟರಲ್ಲೇ ಎಂಟು ಜನರನ್ನು ಕೊಳ್ಳಬೇಕು. ಹೊಸಬರ ಮೂಲಬೆಲೆ ಇಪ್ಪತ್ತು. ಹಳಬರಿಗೆ ಮರ್ಯಾದೆ ಇರಲಿ ಎಂದು ಆಡಿದ ವರ್ಷಕ್ಕೆ ಹತ್ತರಂತೆ ಸೇರಿಸುತ್ತಾರೆ. ಹನ್ನೆರಡು ವರ್ಷ ಆಡಿದ ನನಗೆ ನೂರ ನಲವತ್ತು. ಮರ್ಯಾದೆ ಎಷ್ಟು ಹೆಚ್ಚಾಯಿತೆಂದರೆ, ಹೋದ ವರ್ಷ ಒಬ್ಬನೂ ಕೈ ಎತ್ತಲಿಲ್ಲ. ನಾನಿರುವ ದುಖಾನ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದವನು ಬಿರಿಯಾನಿ ತಿಂದು ವಾಪಸಾದೆ. "ಯಾವ ಟೀಮು?" ಎಂದಳು ಹೆಂಡತಿ. "ಬಿರಿಯಾನಿ ಚೆನ್ನಾಗಿತ್ತು" ಎಂದೆ. ನಿಜ ಹೇಳುತ್ತೇನೆ, ಬಹಳ ಬೇಜಾರಾಗಿತ್ತು.

ಮಗಳು ಅಮೆರಿಕದ ಬಾಸ್ಕೆಟ್‌ಬಾಲ್ ಹುಚ್ಚಿ. "ಪಪ್ಪಾ, ಅಲ್ಲಿ ವೆಟರನ್ ಮಿನಿಮಮ್ ಅಂತ ಇದೆ" ಎಂದಳು. ಅಲ್ಲಿಯೂ ಹಳಬನ ಕನಿಷ್ಠ ಸಂಬಳ ಹೊಸಬನಿಗಿಂತ ಜಾಸ್ತಿಯಂತೆ. ಆದರೆ ಒಂದು ವರ್ಷದ ಕರಾರಾದರೆ, ತಂಡದ ಸಂಬಳದ ಮಿತಿಯಲ್ಲಿ ಎರಡು ವರ್ಷ ಆಡಿದವನ ಕನಿಷ್ಠ ಸಂಬಳದಷ್ಟೇ ಲೆಕ್ಕಕ್ಕೆ. ಮಿಕ್ಕದ್ದನ್ನು ಲೀಗೇ ತುಂಬಿಕೊಡುತ್ತದೆ. "ಇಲ್ದಿದ್ರೆ ಓಲ್ಡ್ ಜನಾನ ಯಾರೂ ತಗೊಳ್ಳಲ್ಲ ಪಪ್ಪಾ" ಎನ್ನುತ್ತಾ ಅವಳು ನನ್ನ ಮೊಣಕಾಲಿನ ಪಟ್ಟಿಯನ್ನು ನೋಡುವ ಅಗತ್ಯವಿರಲಿಲ್ಲ.

ಕಮಿಟಿಯಲ್ಲಿ ಈ ನಿಯಮವನ್ನು ನಾನೇ ಮಂಡಿಸಿದೆ: ಹಿರಿಯರ ಮೂಲಬೆಲೆ ಎಷ್ಟೇ ಇರಲಿ, ತಂಡದ ಮಿತಿಯಲ್ಲಿ ಎರಡು ವರ್ಷ ಆಡಿದವನಂತೆ ನಲವತ್ತೇ ಹಿಡಿಯತಕ್ಕದ್ದು. ಸ್ವಾರ್ಥ ಎಂದು ಯಾರೂ ಅನ್ನಲಿಲ್ಲ. ಕಮಿಟಿಯ ಆರು ಜನರಲ್ಲಿ ಐವರಿಗೆ ಮೊಣಕಾಲು ನೋವು.

ಈ ವರ್ಷ ನನ್ನ ಹೆಸರು ಕರೆದದ್ದೇ ತಡ, ಹಮದ್ ಬಂದರಿನಲ್ಲಿ ಕೆಲಸ ಮಾಡುವ ಶರತ್ ಶೆಟ್ಟಿ ತನ್ನ ತಂಡಕ್ಕೆಂದು ಕೈ ಎತ್ತಿದ. ಹೊಸ ಶೂ ಕೊಂಡೆ. ಪಂದ್ಯದ ದಿನ ಅಲ್ ಥುಮಾಮಾದ ಅಂಗಣದಲ್ಲಿ ಮುಕ್ಕಾಲು ಆಟ ಮುಗಿದರೂ ನಾನು ಬೆಂಚಿನಲ್ಲೇ ಇದ್ದೆ.

"ಶರತ್, ನನ್ನನ್ನ ಯಾವಾಗಪ್ಪಾ ಇಳಿಸೋದು?"

"ಅಣ್ಣಾ, ನಿಮ್ಮಿಂದ ನೂರು ಪಾಯಿಂಟ್ ಉಳೀತಲ್ಲ ಮಾರಾಯ್ರೆ, ಅದನ್ನೇ ಹಾಕಿ ಆ ಮೈಸೂರು ಇಂಜಿನಿಯರನ್ನ ತಗೊಂಡದ್ದು. ಆರಡಿ ಮೂರಿಂಚು! ನಿಮ್ಮ ಜಾಗದಲ್ಲೇ ಆಡ್ತಾನೆ."

"ಮತ್ತೆ ನಾನ್ಯಾಕೆ?"

"ಎಂಟನೆಯವರು ಬೇಕಲ್ಲ? ಹೊಸಬರಾದ್ರೆ ಆಡಿಸಿ ಆಡಿಸಿ ಅಂತ ತಲೆ ತಿಂತಾರೆ. ನೀವು ಹಾಗೆಲ್ಲ ಕೇಳುದಿಲ್ಲ ಅಂತ ಗ್ರಹಿಸಿದ್ದೆ."

ಕೈಯಾರೆ ತೋಡಿದ ಗುಂಡಿ, ಯಾರನ್ನು ಬೈಯಲಿ? ಅಷ್ಟರಲ್ಲಿ ಆರಡಿ ಮೂರಿಂಚು ಧೊಪ್ಪನೆ ಬಿದ್ದು ಪಾದ ಹಿಡಿದುಕೊಂಡಿತು. "ಯಲ್ಲಾ, ಬೇಗ ಬೇಗ ಅಣ್ಣಾ, ಇಳಿಯಿರಿ!" ಎಂದು ಶರತ್ ಕೂಗಿದ.

ಎದ್ದೆ. ಮೊಣಕಾಲು ಲಟಕ್ಕೆಂದಿತು. ಅಂಗಣದಲ್ಲಿ ಇಪ್ಪತ್ತೈದರ ಪಡ್ಡೆಗಳು ಬುಸುಗುಡುತ್ತಾ ನಿಂತಿದ್ದರು.

"ಪಾಪ, ಮೊದಲು ಐಸ್ ಇಡೋಣ ಕಣೋ. ಐದು ನಿಮಿಷದಲ್ಲಿ ಸರಿ ಹೋಗ್ತಾನೆ" ಎಂದದ್ದು ನನ್ನದೇ ಬಾಯಿ. ಆ ಐದು ನಿಮಿಷ ಅವನ ಪಾದಕ್ಕೆ ಐಸ್ ಒತ್ತಿದಷ್ಟು ಶ್ರದ್ಧೆಯಿಂದ ನಾನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ.